ಮೂರನೇ ದರ್ಜೆಯ ಹಾಸಿಗೆಯಲ್ಲಿ ಯಾಂಗ್‌ಟ್ಸೆ ಪಯಣ: ನನ್ನ ಅನುಭವ

ಚೀನಾದ ಚೊಂಗ್‌ಚಿಂಗ್‌ನಿಂದ ಯೀಚಾಂಗ್‌ವರೆಗಿನ ಯಾಂಗ್‌ಟ್ಸೆ ನದಿಯ ಪಯಣವನ್ನು ಎಂಟು-ಒಂಬತ್ತು ಸಾವಿರ ರೂಪಾಯಿಯಲ್ಲಿ ಮುಗಿಸಿದ್ದೇನೆ ಎಂದರೆ, ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಾರು ದೇಶ ಸುತ್ತಿದ ನನ್ನ ಗೆಳೆಯರೇ ನಂಬಲಿಲ್ಲ. ವಿದೇಶಿಯರಿಗೆ ಇಪ್ಪತ್ತೈದು, ಮೂವತ್ತು ಸಾವಿರದ ಐಷಾರಾಮಿ ಹಡಗು ಬಿಟ್ಟರೆ ಬೇರೆ ದಾರಿಯಿಲ್ಲ, ಚೀನೀಯರು ಹೋಗುವ ಸಾಧಾರಣ ಹಡಗಿಗೆ ನಮ್ಮನ್ನು ಹತ್ತಿಸುವುದೇ ಇಲ್ಲ ಎಂಬುದು ಅವರ ವಾದವಾಗಿತ್ತು. ಮೊದಲ ಬಾರಿ ಅವರ ಮಾತೇ ನಿಜವಾಯಿತು. ಎರಡನೇ ಬಾರಿ, 2018ರ ನವೆಂಬರ್‌ನಲ್ಲಿ, ನಾನು ಆರು ಹಾಸಿಗೆಯ ಮೂರನೇ ದರ್ಜೆಯ ಕೋಣೆಯಲ್ಲಿ ಮಲಗಿ ಆ ನದಿಯಲ್ಲಿ ಸಾಗಿದೆ. ಭಾರತೀಯರಿಗೆ ಚೀನಾದ ಪ್ರವಾಸಿ ವೀಸಾ ಮತ್ತೆ ಸಿಗತೊಡಗಿದ ಮೇಲೆ ಹಲವರು ಆ ಸಾಧಾರಣ ಹಡಗನ್ನು ಹತ್ತುವುದು ಹೇಗೆ ಎಂದು ಕೇಳುತ್ತಿರುವುದರಿಂದ, ನೆನಪಿನಲ್ಲಿ ಇರುವಷ್ಟನ್ನು ಬರೆದಿಡುತ್ತಿದ್ದೇನೆ. ಲೆಕ್ಕಗಳು ಅಂದಾಜಿನವು.

ಮೊದಲು ಸೋತ ಕತೆ. 2017ರ ಜುಲೈನಲ್ಲಿ ಚೊಂಗ್‌ಚಿಂಗ್‌ನ ಚಾವ್‌ತಿಯೆನ್‌ಮೆನ್ ಬಂದರಿಗೆ ಹೋದಾಗ ನನ್ನ ಬಳಿ ಯಾವ ಸಿದ್ಧತೆಯೂ ಇರಲಿಲ್ಲ. ಹಸಿರು ಬಣ್ಣದ ಜಿಯಾಲಿಂಗ್ ನದಿಯು ಕೆಂಪುಮಣ್ಣು ಕದಡಿದ ಯಾಂಗ್‌ಟ್ಸೆಯನ್ನು ಸೇರುವ ಆ ಮೂಲೆಯಲ್ಲಿ ನಿಂತು ನೋಡುತ್ತಿದ್ದಾಗ ಒಬ್ಬ ದಲ್ಲಾಳಿ ಬಂದು, ಐನೂರೈವತ್ತು ಯುವಾನ್‌ಗೆ ಮೂರನೇ ದರ್ಜೆಯ ಹಾಸಿಗೆ ಕೊಡಿಸುವುದಾಗಿ ಕೈಸನ್ನೆ ಮಾಡಿದ. ಹಣ ಕೊಟ್ಟೆ. ಕೆಳಗಿನ ಧಕ್ಕೆಯವರೆಗೆ ಮುಗಿಯದಷ್ಟು ಮೆಟ್ಟಿಲುಗಳು. ಬಿದಿರಿನ ಕೋಲಿಗೆ ಹಗ್ಗದಿಂದ ಸಾಮಾನು ಕಟ್ಟಿ ಹೊರುವ ಅಲ್ಲಿನ ಹಮಾಲಿಗಳು, ಊರಿನವರು ಬ್ಯಾಂಗ್‌ಬ್ಯಾಂಗ್ ಎಂದು ಕರೆಯುವವರು, ನನ್ನ ಪಕ್ಕದಲ್ಲೇ ಏದುಸಿರು ಬಿಡುತ್ತ ಇಳಿಯುತ್ತಿದ್ದರು. ಹಡಗಿನ ಬಾಗಿಲಿನಲ್ಲಿ ನನ್ನ ಪಾಸ್‌ಪೋರ್ಟ್ ನೋಡಿದ ಹುಡುಗಿ ತಲೆಯಾಡಿಸಿದಳು. ಎರಡು ತಾಸು ವಾದಿಸಿದ ಮೇಲೆ ದಲ್ಲಾಳಿ ಹಿಂದಿರುಗಿಸಿದ್ದು ಇನ್ನೂರೈವತ್ತು ಯುವಾನ್. ಉಳಿದ ಮುನ್ನೂರು ಹೋಯಿತು. ಭಾರತ, ಚೀನಾ ಸೇನೆಗಳು ಎದುರುಬದುರಾಗಿ ನಿಂತಿದ್ದ ದೋಕ್ಲಾಮ್ ಬಿಕ್ಕಟ್ಟಿನ ದಿನಗಳಾದ್ದರಿಂದ ಭಾರತೀಯನೆಂದೇ ತಡೆದರು ಎಂದು ನಮ್ಮೂರಿನಲ್ಲಿ ಎಲ್ಲರೂ ತೀರ್ಮಾನಿಸಿದರು. ಅದು ಸರಿಯಲ್ಲ. ಅದೇ ಬಾಗಿಲಿನಲ್ಲಿ ಒಬ್ಬ ಪೋಲೆಂಡಿನವನನ್ನೂ ಹಿಂದಕ್ಕೆ ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಆಗ ಐಷಾರಾಮಿ ಹಡಗಿನ ದರ ವಿಚಾರಿಸಿದರೆ ಎರಡು ಸಾವಿರದ ಎಂಟುನೂರು ಯುವಾನ್ ಎಂದರು. ಅಷ್ಟು ಕೊಡಲು ಮನಸ್ಸು ಬಾರದೆ ರೈಲಿನಲ್ಲಿ ಯೀಚಾಂಗ್‌ಗೆ ಹೋದೆ. ಅದು ಬೆಟ್ಟಗಳನ್ನು ಕೊರೆದು ಹಾಸಿದ ಹಳಿ. ಒಂದು ಸುರಂಗದಿಂದ ಹೊರಬಂದರೆ ಸೇತುವೆ, ಸೇತುವೆ ದಾಟಿದರೆ ಮತ್ತೆ ಸುರಂಗ. ನೋಡಬೇಕೆಂದು ಬಂದ ನದಿಯ ಕಮರಿಗಳು ದಾರಿಯಲ್ಲಿ ಒಮ್ಮೆಯೂ ಕಾಣಲಿಲ್ಲ. ಮರಳಿ ಬಂದು ಒಂದು ವರ್ಷ ಆ ಮುನ್ನೂರು ಯುವಾನ್‌ಗಿಂತ ಹೆಚ್ಚಾಗಿ ಆ ಸುರಂಗಗಳನ್ನೇ ನೆನೆದು ಕೊರಗಿದೆ.

ಎರಡನೇ ಬಾರಿ ಬದಲಿಸಿಕೊಂಡದ್ದು ಮುಖ್ಯವಾಗಿ ತಿಂಗಳನ್ನು. ಈ ನದಿಗೆ ಅಡ್ಡಲಾಗಿ ಕಟ್ಟಿದ ತ್ರೀ ಗಾರ್ಜಸ್ (ಮೂರು ಕಮರಿಗಳು) ಅಣೆಕಟ್ಟಿನ ಜಲಾಶಯವನ್ನು ಮಳೆಗಾಲದಲ್ಲಿ ಪ್ರವಾಹಕ್ಕೆ ಜಾಗ ಬಿಟ್ಟು 145 ಮೀಟರ್ ಮಟ್ಟದಲ್ಲಿ ಇಟ್ಟುಕೊಳ್ಳುತ್ತಾರೆ; ಶರತ್ಕಾಲದಲ್ಲಿ 175 ಮೀಟರ್‌ವರೆಗೆ ತುಂಬಿಸುತ್ತಾರೆ. ಜುಲೈನಲ್ಲಿ ಹೋದವರಿಗೆ ದಡದುದ್ದಕ್ಕೂ ಮೂವತ್ತು ಮೀಟರ್ ಎತ್ತರದ ಬೋಳು ಮಣ್ಣಿನ ಪಟ್ಟಿ ಕಾಣುತ್ತದೆ. ನವೆಂಬರ್‌ನಲ್ಲಿ ಹೋದವರಿಗೆ ಆ ಪಟ್ಟಿ ನೀರಿನೊಳಗೆ ಮರೆಯಾಗಿ, ಕಮರಿಯ ಬಂಡೆಗಳು ನೇರವಾಗಿ ನೀರಿನಿಂದಲೇ ಎದ್ದಂತೆ ಕಾಣುತ್ತವೆ. ಚಳಿ ಶುರುವಾಗಿ ಪ್ರವಾಸಿಗರು ಕಡಿಮೆಯಾಗುವುದರಿಂದ ಹಾಸಿಗೆಗಳೂ ಖಾಲಿ ಇರುತ್ತವೆ. ಚಾವ್‌ತಿಯೆನ್‌ಮೆನ್‌ನಲ್ಲಿ ಇಳಿಯಬೇಕಾದ ಮೆಟ್ಟಿಲುಗಳ ಸಂಖ್ಯೆಯೂ ಈ ಬಾರಿ ಬಹಳ ಕಡಿಮೆಯಾಗಿತ್ತು, ಏಕೆಂದರೆ ಹಿನ್ನೀರು ಚೊಂಗ್‌ಚಿಂಗ್ ದಾಟಿ ಮೇಲಕ್ಕೂ ಬಂದಿರುತ್ತದೆ.

ಹಡಗಿಗೆ ಮುಂಗಡವಾಗಿ ಏನನ್ನೂ ಕಾದಿರಿಸಲಿಲ್ಲ. ವೀಸಾ ಅರ್ಜಿಯನ್ನು ಬೆಂಗಳೂರಿನ ಏಜೆಂಟರ ಮೂಲಕ ಮುಂಬಯಿಗೆ ಕಳುಹಿಸಿ, ಕೌಲಾಲಂಪುರದ ಮೂಲಕ ಅಗ್ಗದ ವಿಮಾನದಲ್ಲಿ ಚೊಂಗ್‌ಚಿಂಗ್‌ಗೆ ಹೋಗಿ, ಮರಳುವಾಗ ವುಹಾನ್‌ನಿಂದ ಹಾರುವಂತೆ ಟಿಕೆಟ್ ಮಾಡಿಕೊಂಡೆ. ಎರಡೂ ಸೇರಿ ಮೂವತ್ತು ಸಾವಿರದ ಆಸುಪಾಸು. ಚೊಂಗ್‌ಚಿಂಗ್‌ನ ಹಾಸ್ಟೆಲ್‌ನಲ್ಲಿ ದಿನಕ್ಕೆ ನಲವತ್ತೈದು ಯುವಾನ್‌ನಂತೆ ಎರಡು ರಾತ್ರಿ ತಂಗಿ, ಅಲ್ಲಿನ ಹುಡುಗನಿಂದ ಒಂದು ರಟ್ಟಿನ ಚೀಟಿಯಲ್ಲಿ ಚೀನೀ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆಯಿಸಿಕೊಂಡೆ: ಇಂದು ರಾತ್ರಿ ಹೊರಡುವ ಸಾಧಾರಣ ಹಡಗು ಬೇಕು, ಮೂರನೇ ದರ್ಜೆ ಬೇಕು, ಮಾವ್‌ಪಿಂಗ್‌ವರೆಗೆ (ಅಣೆಕಟ್ಟಿನ ಮೇಲ್ಭಾಗದ ಬಂದರು) ಬೇಕು, ವಿದೇಶಿಯನಾದ ನನ್ನನ್ನು ಈ ಹಡಗು ಹತ್ತಿಸಿಕೊಳ್ಳುತ್ತದೆಯೇ. ನಾಲ್ಕನೆಯ ಸಾಲನ್ನೇ ಮೊದಲು ತೋರಿಸಬೇಕು. ವಿದೇಶಿಯನನ್ನು ಬಿಡುವುದು, ಬಿಡದಿರುವುದು ದರ್ಜೆಯ ಮೇಲಲ್ಲ, ಹಡಗಿನ ಮೇಲೆ ನಿಂತಿದೆ ಎಂಬುದನ್ನು ಕಂಡುಕೊಳ್ಳಲು ನನಗೆ ಒಂದಿಡೀ ಪ್ರವಾಸ ಬೇಕಾಯಿತು. ಟಿಕೆಟನ್ನು ಬಂದರಿನ ಕಟ್ಟಡದೊಳಗಿನ ಕಿಟಕಿಯಲ್ಲಿಯೇ, ಹೊರಡುವ ದಿನದ ಮಧ್ಯಾಹ್ನವೇ ಕೊಂಡೆ. ಹೊರಗೆ ಮಾರುವವರು ಬೆಲೆ ಇಳಿಸಿ ಹೇಳುತ್ತಾರೆ, ಆದರೆ ಕೆಲವರು ನಿಮ್ಮನ್ನು ಬಸ್ಸಿನಲ್ಲಿ ವಾನ್‌ಝೋವರೆಗೆ ಸಾಗಿಸಿ ಅಲ್ಲಿಂದ ಹಡಗು ಹತ್ತಿಸುತ್ತಾರೆ. ಅರ್ಧ ನದಿ ರಸ್ತೆಯಲ್ಲೇ ಕಳೆದುಹೋಗುತ್ತದೆ. ಯಾವ ಕಿಟಕಿ, ಎಷ್ಟು ಗಂಟೆಗೆ ಹೋದರೆ ಕೆಳಹಾಸಿಗೆ ಸಿಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಾನು ಎರಡು ಸಲ ಅಲೆದು ಗಳಿಸಿದ್ದು.

ಹಾಸಿಗೆಗೆ ತೆತ್ತದ್ದು ನಾನೂರ ಎಂಬತ್ತು ಯುವಾನ್. ಆಗ ಒಂದು ಯುವಾನ್‌ಗೆ ಹತ್ತು ರೂಪಾಯಿಗಿಂತ ಸ್ವಲ್ಪ ಹೆಚ್ಚು. ಎಲ್ಲವನ್ನೂ ನೋಟಿನಲ್ಲೇ ಕೊಟ್ಟೆ. ರಾತ್ರಿ ಒಂಬತ್ತರ ಸುಮಾರಿಗೆ ಹಡಗು ಹೊರಟಿತು. ಕೋಣೆಯಲ್ಲಿ ಎರಡು ಅಂತಸ್ತಿನ ಮೂರು ಮಂಚ, ಒಂದು ಟಿವಿ, ಕಿಟಕಿಯ ಕೆಳಗೆ ಬಿಸಿನೀರಿನ ಎರಡು ಫ್ಲಾಸ್ಕ್. ನಾನಲ್ಲದೆ ಒಬ್ಬ ವೃದ್ಧ ದಂಪತಿ ಮತ್ತು ಇಸ್ಪೀಟು ಆಡುತ್ತ ಸೂರ್ಯಕಾಂತಿ ಬೀಜ ಒಡೆಯುವ ಮೂವರು ನಡುವಯಸ್ಕ ಹೆಂಗಸರು. ಹೊರಗಿನ ಓಣಿಯಲ್ಲಿ ಸಿಗರೇಟಿನ ಹೊಗೆ ದಟ್ಟವಾಗಿರುತ್ತದೆ. ಆಸ್ತಮಾ ಇರುವವರು ಈ ದರ್ಜೆಗೆ ಹೋಗಬಾರದು.

ಊಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಸ್ಯಾಹಾರಿಗಳು ಹಿಂಜರಿಯುವುದು ಇಲ್ಲಿಯೇ. ನಾನು ಬಾಗಲಕೋಟೆಯವನು, ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ಇಲ್ಲದೆ ಮನೆಯವರು ನನ್ನನ್ನು ಊರು ಬಿಡಲು ಬಿಡುವುದಿಲ್ಲ. ಮೊದಲ ಸಲ ರೊಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ದು ಎಲ್ಲವೂ ಪುಡಿಯಾಗಿದ್ದವು. ಎರಡನೇ ಸಲ ಬಿಸ್ಕತ್ತಿನ ದುಂಡು ಡಬ್ಬಿಗೆ ಸರಿಹೊಂದುವಂತೆ ಚಿಕ್ಕ ರೊಟ್ಟಿಗಳನ್ನೇ ತಟ್ಟಿಸಿ, ನಡುನಡುವೆ ಕಾಗದ ಇಟ್ಟು ತುಂಬಿಸಿದೆ. ಇಪ್ಪತ್ತೆರಡರಲ್ಲಿ ಒಡೆದದ್ದು ಮೂರು. ಅವಲಕ್ಕಿಯಲ್ಲಿಯೂ ಪ್ರಯೋಗ ಮಾಡಿದೆ. ಕುದಿಯುವ ನೀರು ಹಡಗಿನಲ್ಲಿ ದಿನವಿಡೀ ಪುಕ್ಕಟೆ, ಆದರೆ ಅದನ್ನು ತೆಳು ಅವಲಕ್ಕಿಗೆ ಹೊಯ್ದರೆ ಅಂಟಂಟು ಮುದ್ದೆಯಾಗುತ್ತದೆ. ಮಧ್ಯಮ ಅವಲಕ್ಕಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ನೀರು ಅದರ ಮೇಲೆ ಬೆರಳಗಲವೂ ನಿಲ್ಲದಷ್ಟು ಹೊಯ್ದು, ಮುಚ್ಚಿ ನಾಲ್ಕು ನಿಮಿಷ ಬಿಟ್ಟು, ಆಮೇಲೆ ಪುಳಿಯೋಗರೆ ಗೊಜ್ಜು ಕಲಸಿದರೆ ಉದುರುದುರಾಗಿ ಬರುತ್ತದೆ. ಶೇಂಗಾ ಹಿಂಡಿಯನ್ನು ಆ ಮೂವರು ಹೆಂಗಸರು ಬಿಳಿ ಅನ್ನಕ್ಕೆ ಉದುರಿಸಿಕೊಂಡು ಎರಡು ದಿನದಲ್ಲಿ ಮುಗಿಸಿದರು. ಅದಕ್ಕೆ ಪ್ರತಿಯಾಗಿ ಕಿತ್ತಳೆಹಣ್ಣು ಕೊಟ್ಟರು; ಆ ಕಮರಿಗಳ ಇಳಿಜಾರಿನಲ್ಲೆಲ್ಲ ಕಿತ್ತಳೆಯ ತೋಟಗಳೇ.

ಮರುದಿನ ಬೆಳಿಗ್ಗೆ ಹಡಗು ಫೆಂಗ್‌ಡುವಿನಲ್ಲಿ ನಿಂತಿತು. ಪ್ರೇತಗಳ ಊರೆಂದು ಹೆಸರಾದ ಆ ಗುಡ್ಡಕ್ಕೆ ಪ್ರವೇಶ ಶುಲ್ಕ ಬೇರೆ, ನಾನು ಹೋಗಲಿಲ್ಲ. ಇಂಥ ಹಡಗುಗಳಲ್ಲಿ ಹಾಸಿಗೆಯ ದರ ಕಡಿಮೆ, ಇಳಿದು ನೋಡುವ ಪ್ರತಿ ಜಾಗಕ್ಕೂ ಬೇರೆ ದುಡ್ಡು. ಎಲ್ಲವನ್ನೂ ಕೊಂಡರೆ ಹಾಸಿಗೆಯ ದರದಷ್ಟೇ ಮತ್ತೊಮ್ಮೆ ತೆರಬೇಕಾಗುತ್ತದೆ. ಮೇಲಿನ ಮುಂಭಾಗದ ಡೆಕ್‌ಗೆ ಕೂಡ ಅರವತ್ತು ಯುವಾನ್ ಕೇಳಿದರು. ಅದನ್ನು ಕೊಟ್ಟು, ಕೊಟ್ಟ ಮೇಲೆ ಪಶ್ಚಾತ್ತಾಪಪಟ್ಟೆ. ಅದೇ ನೋಟ ಪುಕ್ಕಟೆಯಾಗಿ ಸಿಗುವ ಒಂದು ಜಾಗ ಕೆಳಗಿನ ಡೆಕ್‌ನಲ್ಲಿದೆ. ಹಡಗಿನಲ್ಲಿ ಒಂದು ದಿನ ಸುತ್ತಾಡಿದವರಿಗೆ ಅದು ತಾನಾಗಿ ಸಿಗುತ್ತದೆ.

ಫೋನಿನ ವಿಷಯದಲ್ಲಿ ಒಂದು ಮಾತು. ಭಾರತದ ಸಿಮ್‌ನ ರೋಮಿಂಗ್ ಇಟ್ಟುಕೊಂಡರೆ ಅಲ್ಲಿ ತಡೆಹಿಡಿದ ಗೂಗಲ್ ಕೂಡ ತೆರೆಯುತ್ತದೆ, ಆದರೆ ಅದರ ನಕ್ಷೆಯನ್ನು ನಂಬಬಾರದು. ಚೀನಾದ ನಕ್ಷೆಗಳ ನಿರ್ದೇಶಾಂಕಗಳನ್ನು ಬೇಕೆಂದೇ ಸರಿಸಿರುವುದರಿಂದ ನಮ್ಮ ಹಡಗು ನದಿಯನ್ನು ಬಿಟ್ಟು ಪಕ್ಕದ ಗುಡ್ಡದ ಮೇಲೆ ಸಾಗುತ್ತಿರುವಂತೆ ತೋರಿಸುತ್ತಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರಿಂದ, ಯಾವ ಕಮರಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೋಣೆಯವರಿಗೆ ಹೇಳುವವನು ನಾನೇ ಆದೆ. ಹಡಗಿನ ವೇಗ ಗಂಟೆಗೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ಇತ್ತು.

ಮೂರನೆಯ ದಿನ ನಸುಕಿನಲ್ಲಿ ಫೆಂಗ್‌ಜಿಯೆ ಬಂತು. ಕೋಣೆಯ ಅಜ್ಜ ನನ್ನನ್ನು ಅಲುಗಿಸಿ ಎಬ್ಬಿಸಿದರು. ಅವರನ್ನು ನಾನು ಯೇಯೇ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದೆ. ಇಬ್ಬರೂ ದಪ್ಪ ಕೋಟು ಹಾಕಿಕೊಂಡು ಕೆಳಡೆಕ್‌ನ ಕಂಬಿ ಹಿಡಿದು ನಿಂತೆವು. ಮೇಲೆ ಇಳಿಜಾರಿನಲ್ಲಿ ಹೊಸ ಊರಿನ ಬಹುಮಹಡಿ ಕಟ್ಟಡಗಳ ದೀಪಗಳು. ಅಜ್ಜ ಆ ಕಡೆ ನೋಡಲೇ ಇಲ್ಲ. ತೋರುಬೆರಳನ್ನು ಕಂಬಿಯ ಹೊರಗೆ ಚಾಚಿ ನೇರ ಕೆಳಕ್ಕೆ, ಕಪ್ಪು ನೀರಿನತ್ತ ತೋರಿಸಿ, ನನ್ನ ಫೋನಿನಲ್ಲಿ ಏನೋ ಹೇಳಿದರು. ಅನುವಾದ ಹೀಗೆ ಬಂತು: ನಮ್ಮ ಮನೆ ಅಲ್ಲಿತ್ತು, ಮೂರನೆಯ ಬೀದಿ. ಹಳೆಯ ಫೆಂಗ್‌ಜಿಯೆಯನ್ನು ನೀರು ತುಂಬುವ ಮುನ್ನ 2002ರಲ್ಲಿ ಕೆಡವಿದ್ದರು. ಈ ಜಲಾಶಯಕ್ಕಾಗಿ ಹದಿಮೂರು ಲಕ್ಷ ಜನರನ್ನು ಎಬ್ಬಿಸಿ ಬೇರೆಡೆ ನೆಲೆಗೊಳಿಸಲಾಯಿತು. ಆಲಮಟ್ಟಿಯ ಹಿನ್ನೀರು ಬಂದಾಗ ಬಾಗಲಕೋಟೆಯ ಹಳೆಯ ಊರಿನಲ್ಲಿ ನಮ್ಮ ಅಜ್ಜನ ಮನೆಯೂ ಮುಳುಗಡೆಯ ಪಟ್ಟಿಯಲ್ಲಿತ್ತು. ನಾವು ನವನಗರಕ್ಕೆ ಹೋದ ಮೇಲೂ ಅವರು ಘಟಪ್ರಭೆಯ ದಂಡೆಗೆ ಹೋಗಿ ಹೀಗೆಯೇ ನೀರಿನೊಳಗೆ ಬೆರಳು ತೋರಿಸುತ್ತಿದ್ದರು. ಅದನ್ನು ಫೋನಿನಲ್ಲಿ ಹೇಳಿ ಯೇಯೇಗೆ ತೋರಿಸಿದೆ. ಅವರು ಎರಡು ಸಲ ಓದಿ, ಫೋನನ್ನು ಹೆಂಡತಿಗೆ ಕೊಟ್ಟು ಓದಿಸಿದರು. ಸಾವಿರಾರು ಕಿಲೋಮೀಟರ್ ಹೋಗಿ ನಾನು ಪಡೆದುಕೊಂಡದ್ದರಲ್ಲಿ ಇದೇ ದೊಡ್ಡದು, ಮತ್ತು ಇದು ಐಷಾರಾಮಿ ಹಡಗಿನ ಎರಡು ಹಾಸಿಗೆಯ ಕೋಣೆಯಲ್ಲಿ ಸಿಗುತ್ತಿರಲಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಬೈದಿಚೆಂಗ್ ದಾಟಿದೊಡನೆ ಚುಟಾಂಗ್ ಕಮರಿ. ಮೂರರಲ್ಲಿ ಇದು ಅತಿ ಚಿಕ್ಕದು, ಎಂಟು ಕಿಲೋಮೀಟರ್ ಮಾತ್ರ, ಆದರೆ ಅತಿ ಇಕ್ಕಟ್ಟಿನದು. ಕುಯಿಮೆನ್ ಎಂದು ಕರೆಯುವ ಅದರ ಬಾಗಿಲು ಚೀನಾದ ಹತ್ತು ಯುವಾನ್ ನೋಟಿನ ಹಿಂಭಾಗದಲ್ಲಿದೆ. ಡೆಕ್‌ನಲ್ಲಿದ್ದ ಎಲ್ಲರೂ ನೋಟು ಹೊರತೆಗೆದು ಬಂಡೆಗೆ ಎದುರಾಗಿ ಹಿಡಿದು ಫೋಟೋ ತೆಗೆಯುತ್ತಿದ್ದರು, ನಾನೂ ತೆಗೆದೆ. ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ಕಮರಿ ಮುಗಿದುಹೋಗುತ್ತದೆ, ಆದ್ದರಿಂದ ನಸುಕಿನಲ್ಲಿ ಏಳಲಾಗದವರು ಈ ಪಯಣಕ್ಕೆ ಹಣ ಹಾಕಬಾರದು. ವೂಶಾನ್‌ನಲ್ಲಿ ಚಿಕ್ಕ ದೋಣಿಗೆ ಬದಲಿಸಿ ದಾನಿಂಗ್ ನದಿಯ ಪುಟ್ಟ ಕಮರಿಗಳನ್ನು ತೋರಿಸುತ್ತಾರೆ, ಇನ್ನೂರು ಯುವಾನ್‌ನ ಹತ್ತಿರ. ಎತ್ತರದ ಬಂಡೆಯ ಸೀಳುಗಳಲ್ಲಿ ಪ್ರಾಚೀನರು ಇರಿಸಿದ ಶವಪೆಟ್ಟಿಗೆಗಳನ್ನು ಕಂಡದ್ದು ಬಿಟ್ಟರೆ ಆ ಹಣ ನನಗೆ ಹೆಚ್ಚೆನಿಸಿತು. ಅದರ ನಂತರದ ವೂ ಕಮರಿ ಸುಮಾರು ನಲವತ್ತೈದು ಕಿಲೋಮೀಟರ್. ಮಂಜು ಕವಿದಿದ್ದರಿಂದ ದೇವಕನ್ಯೆಯ ಶಿಖರ ಅರೆಕ್ಷಣ ಕಂಡಿತು.

ಸಾಧಾರಣ ಹಡಗು ಅಣೆಕಟ್ಟನ್ನು ದಾಟುವುದಿಲ್ಲ; ಅದರ ಮೇಲ್ಭಾಗದ ಮಾವ್‌ಪಿಂಗ್‌ನಲ್ಲಿಯೇ ಇಳಿಸುತ್ತದೆ. ನೀರಿನ ಮಟ್ಟ ಇಳಿಸುತ್ತ ಹಡಗನ್ನು ಕೆಳಗಿಳಿಸುವ ಐದು ಹಂತದ ಹಡಗುಗಟ್ಟೆಯೊಳಗೆ ಮೂರು ನಾಲ್ಕು ತಾಸು ಕಾಯುವುದು ತಪ್ಪುತ್ತದೆ, ಆದರೆ ಅದನ್ನು ನೋಡಲೇಬೇಕೆಂದರೆ ಭದ್ರತಾ ತಪಾಸಣೆ ಮುಗಿಸಿ ಬಸ್ಸಿನಲ್ಲಿ ಮೇಲಿನ ವೀಕ್ಷಣಾ ಗುಡ್ಡಕ್ಕೆ ಹೋಗಬಹುದು. 2,335 ಮೀಟರ್ ಉದ್ದದ ಗೋಡೆ ಮಂಜಿನಲ್ಲಿ ಎರಡೂ ತುದಿ ಕಾಣದೆ ನಿಂತಿತ್ತು. ಅಲ್ಲಿಂದ ಯೀಚಾಂಗ್‌ಗೆ ಬಸ್ಸಿನಲ್ಲಿ ಒಂದು ತಾಸು. ಹಾಸಿಗೆ, ದಾನಿಂಗ್, ಡೆಕ್, ಬಸ್ಸು, ಹಡಗಿನ ಊಟದ ಐವತ್ತು ಯುವಾನ್, ಎಲ್ಲ ಕೂಡಿಸಿದರೆ ಎಂಟುನೂರ ಮೂವತ್ತು ಯುವಾನ್ ಆಗುತ್ತದೆ. ದಾನಿಂಗ್ ಮತ್ತು ಡೆಕ್ ಬಿಟ್ಟವರಿಗೆ ಆರುನೂರರೊಳಗೆ ಮುಗಿಯುತ್ತದೆ.

ವಿಮಾನಕ್ಕೆ ಒಂದು ದಿನ ಉಳಿದಿದ್ದರಿಂದ ವುಹಾನ್‌ನಲ್ಲಿ ಮತ್ತೊಂದು ಪ್ರಯೋಗ ಮಾಡಿದೆ. ಅಲ್ಲಿ ಊರಿನವರು ಸ್ಕೂಟರ್ ಸಮೇತ ನದಿ ದಾಟುವ ದೋಣಿಗೆ ಆಗ ಒಂದೂವರೆ ಯುವಾನ್ ಇತ್ತು. ಅದೇ ಯಾಂಗ್‌ಟ್ಸೆ, ಹದಿನೈದು ರೂಪಾಯಿ. ನಾಲ್ಕು ಸಲ ಅತ್ತಿಂದಿತ್ತ ದಾಟಿದೆ.

ಈಗ ಯುವಾನ್ ಹನ್ನೆರಡು ರೂಪಾಯಿ ದಾಟಿದೆ, ವಿದೇಶಿ ಕಾರ್ಡನ್ನು ಅಲ್ಲಿನ ಪಾವತಿ ಆಪ್‌ಗಳಾದ ಅಲಿಪೇ ಮತ್ತು ವೀಚಾಟ್‌ಗೆ ಸೇರಿಸಲು ಸಾಧ್ಯವಾಗಿದೆ, ಹಡಗುಗಳ ದರವನ್ನು ಅಲ್ಲಿಯೇ ಹೋಗಿ ಕೇಳಬೇಕು. ಮುಂದಿನ ನವೆಂಬರ್‌ನ ಎರಡನೇ ವಾರ ನಾನು ಮಾವ್‌ಪಿಂಗ್‌ನಿಂದ ಚೊಂಗ್‌ಚಿಂಗ್‌ಗೆ, ಹೊಳೆಗೆ ಎದುರಾಗಿ, ಹೋಗಲಿದ್ದೇನೆ. ಆ ದಿಕ್ಕಿನಲ್ಲಿ ಹಾಸಿಗೆ ಇನ್ನೂ ಅಗ್ಗವಿರಬೇಕೆಂಬುದು ನನ್ನ ಎಣಿಕೆ. ಈ ಬಾರಿ ಶೇಂಗಾ ಹಿಂಡಿಯನ್ನು ಎರಡು ಡಬ್ಬಿ ಒಯ್ಯುತ್ತೇನೆ.