ಮೈಲುತುತ್ತು ಕರಗಬೇಕು, ಔಷಧಿ ಕರಗಬಾರದು

ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗೆ ಒಂದು ಸಲ ಔಷಧಿ ಬೀಳಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು (ಕಾಪರ್ ಸಲ್ಫೇಟ್) ಮತ್ತು ಸುಣ್ಣದ ಮಿಶ್ರಣ, ಹೊಡೆಯುವುದು ಮಲೆನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ ಬರೆದದ್ದು 1910ರಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಆದರೆ ಲೆಕ್ಕ ಸರಿಯಿದ್ದರೆ ಸಾಲದು, ಬೆರೆಸುವ ಕ್ರಮವೂ ಸರಿಯಿರಬೇಕು.

ಮೊದಲು ಮೈಲುತುತ್ತು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರು ತುಂಬಿ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಮೈಲುತುತ್ತನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಗಂಟು ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ಇಳಿಬಿಡಿ. ಬಗ್ಗಿ ನೋಡಿದರೆ ನೀಲಿ ಎಳೆಗಳು ಗಂಟಿನಿಂದ ಕೆಳಕ್ಕೆ ಇಳಿಯುವುದು ಕಾಣುತ್ತದೆ. ಕರಗಿದ ನೀರು ಭಾರ, ಅದು ತಳಕ್ಕೆ ಹೋಗುತ್ತದೆ, ಗಂಟಿಗೆ ಹೊಸ ನೀರು ಸಿಗುತ್ತಾ ಇರುತ್ತದೆ. ಸುಮ್ನೆ ತಳಕ್ಕೆ ಸುರಿದರೆ ಆ ಭಾರದ ನೀರು ಹರಳಿನ ಮೇಲೇ ಕೂತುಬಿಡುತ್ತದೆ.

ಅಷ್ಟು ಗಟ್ಟಿ ಹರಳನ್ನು ನೀರು ಬಿಡಿಸುವುದಾದರೂ ಹೇಗೆ? ಮೈಲುತುತ್ತಿನಲ್ಲಿ ತಾಮ್ರದ ಕಣ ಪ್ಲಸ್, ಸಲ್ಫೇಟ್ ಕಣ ಮೈನಸ್. ಒಂದನ್ನೊಂದು ಸೆಳೆದು ಹಿಡಿದಿರುತ್ತವೆ. ನೀರಿನ ಅಣುವಿನ ಕಥೆ ಬೇರೆ. ಅಲ್ಲಿ ಆಕ್ಸಿಜನ್ ಮತ್ತು ಎರಡು ಹೈಡ್ರೋಜನ್ ಎಲೆಕ್ಟ್ರಾನುಗಳನ್ನು ಹಂಚಿಕೊಂಡಿವೆ, ಆದರೆ ಸಮಪಾಲಿಲ್ಲ. ಆಕ್ಸಿಜನ್ ತನ್ನ ಕಡೆ ಜಾಸ್ತಿ ಎಳೆದುಕೊಳ್ಳುತ್ತದೆ. ಹಾಗಾಗಿ ಅದರ ಬದಿ ಸ್ವಲ್ಪ ಮೈನಸ್, ಹೈಡ್ರೋಜನ್ ಬದಿ ಸ್ವಲ್ಪ ಪ್ಲಸ್. ಅಣು ನೆಟ್ಟಗಿದ್ದಿದ್ದರೆ ಎರಡು ಕಡೆಯ ಎಳೆತ ವಜಾ ಆಗುತ್ತಿತ್ತು. ಅದು ಸುಮಾರು 104.5 ಡಿಗ್ರಿಗೆ ಬಾಗಿದೆ, ಅದಕ್ಕೇ ಎರಡು ಬದಿ ಉಳಿದಿವೆ. ತಾಮ್ರವನ್ನು ಆಕ್ಸಿಜನ್ ಬದಿ ಸುತ್ತುವರಿಯುತ್ತದೆ, ಸಲ್ಫೇಟನ್ನು ಹೈಡ್ರೋಜನ್ ಬದಿ. ಹರಳು ಬಿಚ್ಚಿಕೊಳ್ಳುತ್ತದೆ. ಅದೇ ಹರಳನ್ನು ಕೊಬ್ಬರಿ ಎಣ್ಣೆಗೆ ಹಾಕಿ ನೋಡಿ, ನಾಳೆಯೂ ಹಾಗೇ ಬಿದ್ದಿರುತ್ತದೆ. ಎಣ್ಣೆಯ ಉದ್ದ ಸರಪಳಿಗಳಲ್ಲಿ ಹೀಗೆ ಎಳೆಯುವ ಬದಿಗಳು ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಸುಣ್ಣ. ಸ್ವಲ್ಪ ನೀರು ಹಾಕಿ ಅರಳಿಸಿ, ಆರಲು ಬಿಡಿ, ಸೋಸಿ, ಇನ್ನೊಂದು ಡ್ರಮ್ಮಿನಲ್ಲಿ 50 ಲೀಟರ್ ಮಾಡಿ. ಅರಳುವಾಗ ಕುದಿದು ಸಿಡಿಯುತ್ತದೆ, ಕಣ್ಣು ಜೋಪಾನ. ಇದೂ ಪ್ಲಸ್-ಮೈನಸ್ ಜೋಡಿಯೇ, ಆದರೆ ನೀರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಲೀಟರಿಗೆ ಕರಗುವುದು 2 ಗ್ರಾಮಿಗೂ ಕಡಿಮೆ. ಉಳಿದದ್ದು ಹಾಲಿನಂತೆ ತೇಲುತ್ತಿರುತ್ತದೆ. ಬೇಗ ಕರಗಲಿ ಎಂದು ಬಿಸಿನೀರು ಹಾಕಬೇಡಿ, ಬಿಸಿಯಲ್ಲಿ ಸುಣ್ಣ ಇನ್ನೂ ಕಡಿಮೆ ಕರಗುತ್ತದೆ!

ಈಗ ಸುಣ್ಣದ ಹಾಲನ್ನು ಚೆನ್ನಾಗಿ ಕಲಕಿ, ಕಲಕುತ್ತಲೇ ನೀಲಿ ನೀರನ್ನು ಅದಕ್ಕೆ ಸುರಿಯಿರಿ. ಸುಣ್ಣವನ್ನು ಮೈಲುತುತ್ತಿಗೆ ಸುರಿಯಬೇಡಿ, ಕಣ ದಪ್ಪವಾಗುತ್ತದೆ. ತಾಮ್ರ ಈಗ ಸುಣ್ಣದ ಹೈಡ್ರಾಕ್ಸೈಡ್ ಜೊತೆ ಸೇರಿ, ನೀರಿನಲ್ಲಿ ಕರಗದ ತಿಳಿನೀಲಿ ನುಣುಪು ಕಣವಾಗುತ್ತದೆ. ಇಡೀ ಕೆಲಸದ ಗುಟ್ಟು ಇಲ್ಲಿದೆ. ಬರೀ ಮೈಲುತುತ್ತು ಹೊಡೆದರೆ ಎಳೆಕಾಯಿ ಸುಡುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಕರಗದ ಕಣ ಕಾಯಿಯ ಮೇಲೆ ಕೂತು, ಒದ್ದೆಯಾದಾಗಲೆಲ್ಲ ಚೂರೇ ಚೂರು ತಾಮ್ರ ಬಿಡುತ್ತದೆ. ಕೊಳೆರೋಗದ ಬೀಜಕಣಗಳು ಈಜುವುದು ಅದೇ ತೆಳು ನೀರಿನಲ್ಲಿ.

ಬೆರೆಸಿದ್ದು ಸರಿಯಾಗಿದೆಯೇ ನೋಡಲು, ತುಕ್ಕಿಲ್ಲದ ಕಬ್ಬಿಣದ ಕತ್ತಿಯನ್ನು ಒಂದೆರಡು ನಿಮಿಷ ಆ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಅಲಗು ಕೆಂಪಾದರೆ ತಾಮ್ರ ಇನ್ನೂ ಕರಗಿದ ರೂಪದಲ್ಲೇ ಇದೆ ಎಂದರ್ಥ. ಕೆಂಪು ಹಿಡಿಯದಷ್ಟು ಸುಣ್ಣದ ನೀರು ಸೇರಿಸಿ.

ಕಾಯಿಯ ಮೇಣದ ಸಿಪ್ಪೆಗೆ ನೀರು ಹಿಡಿಯುವುದಿಲ್ಲ, ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಜಾರುತ್ತದೆ. ಅದಕ್ಕೇ ರಾಳ ಮತ್ತು ಸೋಡಾ ಕುದಿಸಿ ಮಾಡಿದ ಅಂಟು ಬೇಕು. ಅದು ಒಂದು ಬಗೆಯ ಸೋಪು: ಒಂದು ತುದಿ ನೀರಿಗೆ, ಇನ್ನೊಂದು ಮೇಣಕ್ಕೆ ಒಗ್ಗುತ್ತದೆ.

ಬೆರೆಸಿದ ದ್ರಾವಣ ಅವತ್ತೇ ಖಾಲಿಯಾಗಬೇಕು. ಇಟ್ಟರೆ ಕಣಗಳು ದಪ್ಪವಾಗಿ ಹಿಡಿತ ಕಳೆದುಕೊಳ್ಳುತ್ತವೆ. ಎರಡೂ ಡ್ರಮ್ ಬೇರೆ ಬೇರೆ ಇದ್ದರೆ ಒಂದು ರಾತ್ರಿ ತೊಂದರೆಯಿಲ್ಲ. ಹಾಗಾಗಿ ಮರ ಹತ್ತುವವರು ಅಂಗಳಕ್ಕೆ ಬಂದ ಮೇಲೆಯೇ ಎರಡನ್ನೂ ಸೇರಿಸಿ. ಈಗಿನ ಕಾಲದಲ್ಲಿ ‘ನಾಳೆ ಬರ್ತೀನಿ’ ಅಂದವರು ಬರುವುದು ಯಾವಾಗಲೋ!