ಪುಸ್ತಕ ಕೊಳ್ಳುವ ಮೊದಲು ನಾನು ನೋಡುವ ಪುಟ

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ನಾನು ತಂದ ಮೊದಲ ಪುಸ್ತಕ ದಿಂಬಿನಷ್ಟು ದಪ್ಪ ಇತ್ತು. ದಪ್ಪ ಇದ್ದರೆ ಎಲ್ಲಾ ಇರುತ್ತದೆ ಅಂದುಕೊಂಡಿದ್ದೆ. ಅದರ ಮೊದಲ ಉದಾಹರಣೆ ಟೈಪ್ ಮಾಡಿದರೆ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಅಂತ ಬಂತು. ಉತ್ತರ ತೋರಿಸುವ ಪ್ರಿಂಟ್ ಅನ್ನುವ ಪದದ ಪಕ್ಕ ಬ್ರಾಕೆಟ್ ಇರಲಿಲ್ಲ. ಪುಸ್ತಕ ಪೈಥಾನ್ 2ರದ್ದು, ನನ್ನ ಕಂಪ್ಯೂಟರಿನಲ್ಲಿದ್ದದ್ದು 3.

ಬ್ರಾಕೆಟ್ ಹಾಕಿಕೊಂಡು ಮುಂದೆ ಹೋದೆ. ಎರರ್ ಬಂದರೆ ಹೇಗೋ ಸರಿ ಮಾಡಬಹುದು. ಎರರ್ ಬರದೆ ಉತ್ತರವೇ ಬೇರೆ ಬಂದರೆ? 7ನ್ನು 2ರಿಂದ ಭಾಗಿಸಿದರೆ 3 ಅನ್ನುತ್ತಿತ್ತು ಪುಸ್ತಕ. ನನಗೆ ಬಂದದ್ದು 3.5. ಏನೋ ತಪ್ಪು ಮಾಡಿದ್ದೀನಿ ಅಂತ ಅರ್ಧ ದಿನ ಸುಮ್ನೆ ಹುಡುಕಿದೆ. ಇದೂ ಆವೃತ್ತಿಯದ್ದೇ ಕಾಟ: ಪೂರ್ಣ ಸಂಖ್ಯೆಗಳನ್ನು ಭಾಗಿಸಿದರೆ 2 ದಶಮಾಂಶ ಬಿಟ್ಟುಬಿಡುತ್ತಿತ್ತು, 3 ಬಿಡುವುದಿಲ್ಲ. ಪೈಥಾನ್ 3 ಬಂದದ್ದು 2008ರಲ್ಲಿ. 2ಕ್ಕೆ ಬೆಂಬಲ ನಿಂತುಹೋದದ್ದು 2020ರ ಜನವರಿ 1ಕ್ಕೆ. ಅಷ್ಟು ವರ್ಷ ಎರಡೂ ಒಟ್ಟಿಗೆ ಓಡಾಡುತ್ತಿದ್ದವು, ಹಾಗಾಗಿ ಹಳೇ ಪುಸ್ತಕಗಳು ಇನ್ನೂ ಕೈಗೆ ಸಿಗುತ್ತವೆ. ಈಗಂತೂ ಯಾವ ಆವೃತ್ತಿಗೆ ಬರೆದದ್ದು ಅಂತ ನೋಡದೆ ಮುಟ್ಟುವುದಿಲ್ಲ.

ಎರಡನೆಯದು ಹೊಚ್ಚ ಹೊಸದು. ಬಣ್ಣದ ಚಿತ್ರ, ಸಲೀಸಾದ ಓದು. ಮುಚ್ಚಿಟ್ಟು ಬರೆಯಲು ಕೂತರೆ ಮಾತ್ರ ಒಂದು ಸಾಲೂ ಬರಲಿಲ್ಲ. ಮಾಡಿ ನೋಡಲು ಅದರಲ್ಲಿ ಒಂದು ಲೆಕ್ಕವನ್ನೂ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಒಂದು ಲಿಸ್ಟ್ ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಲಿಸ್ಟ್ ಅಂದರೆ ಹಲವು ಬೆಲೆಗಳನ್ನು ಸಾಲಾಗಿ ಇಡುವ ಪಟ್ಟಿ. 'ಎ' ಅನ್ನುವ ಲಿಸ್ಟ್‌ನಲ್ಲಿ 1, 2 ಇಟ್ಟೆ. ಅದನ್ನೇ 'ಬಿ'ಗೆ ಕೊಟ್ಟೆ. ಆಮೇಲೆ 'ಬಿ'ಗೆ 3 ಸೇರಿಸಿದೆ. ನೋಡಿದರೆ 'ಎ'ಯಲ್ಲೂ 3 ಕೂತಿದೆ! ಕಾಪಿ ಆಗಿರಲೇ ಇಲ್ಲ, ಒಂದೇ ಲಿಸ್ಟಿಗೆ ಎರಡು ಹೆಸರು ಬಿದ್ದಿತ್ತು.

ಆವತ್ತಿನಿಂದ ಪುಸ್ತಕ ಕೈಗೆ ಬಂದರೆ ಕೊನೆಯ ಪದಸೂಚಿಯಲ್ಲಿ ಲಿಸ್ಟ್ ಎಲ್ಲಿದೆ ಅಂತ ಹುಡುಕಿ ಆ ಪುಟಕ್ಕೇ ಹೋಗುತ್ತೇನೆ. ಪದಸೂಚಿ ಇಲ್ಲದಿದ್ದರೆ ಅಲ್ಲೇ ಅರ್ಧ ಆಸೆ ಹೋಗುತ್ತದೆ. ವೇರಿಯಬಲ್ (ನನ್ನ 'ಎ', 'ಬಿ' ಥರದ ಹೆಸರು) ಅಂದರೆ ಬೆಲೆ ಇಡುವ ಡಬ್ಬಿ ಅಂತ ಹೇಳಿ ಅಲ್ಲಿಗೇ ಬಿಟ್ಟಿದ್ದರೆ ವಾಪಸ್ ಇಡುತ್ತೇನೆ. ಎರಡು ಬೇರೆ ಬೇರೆ ಡಬ್ಬಿ ಆಗಿದ್ದರೆ 'ಎ' ಯಾಕೆ ಬದಲಾಗಬೇಕಿತ್ತು, ಅಲ್ವಾ?

ಮೂರನೆಯದನ್ನು ಹೀಗೇ ಆರಿಸಿದೆ. ತೆಳ್ಳಗಿನ, ಚಿತ್ರವೇ ಇಲ್ಲದ ಪುಸ್ತಕ. ಪ್ರತಿ ಅಧ್ಯಾಯದ ಕೊನೆಗೂ ಲೆಕ್ಕಗಳಿದ್ದವು. ಕೋಡ್ ಓಡಿಸುವ ಮೊದಲು ಉತ್ತರ ಏನಿರಬಹುದು ಅಂತ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಮೊದಲ ನಾಲ್ಕು ಅಧ್ಯಾಯಗಳಲ್ಲಿ ಸರಿಯಾದದ್ದಕ್ಕಿಂತ ಹೊಡೆದು ಹಾಕಿದ್ದೇ ಜಾಸ್ತಿ ಇದೆ.