‘ಯಾವೂರು?’ ಎಂದು ಕೇಳುವ ಪೈಥಾನ್ ಪ್ರೋಗ್ರಾಂ

ಹೆಸರು ಕೇಳಿ ನಮಸ್ಕಾರ ಹೇಳುವುದಕ್ಕೆ ಒಂದು ಇನ್‌ಪುಟ್, ಒಂದು ಪ್ರಿಂಟ್ ಸಾಕು. ಆದರೆ ಮಂಡ್ಯ, ಮೈಸೂರು ಕಡೆ ಹೆಸರಾದ ಮೇಲೆ ‘ಯಾವೂರು?’ ಬಂದೇ ಬರುತ್ತದೆ. ಅದನ್ನೂ ಸೇರಿಸಿ ‘ಮಂಡ್ಯದಿಂದ ಬಂದ ರವಿ ಅವರಿಗೆ ನಮಸ್ಕಾರ’ ಎಂದು ಹೇಳಿಸೋಣ.

ಎಲ್ಲ ಊರಿಗೂ ‘ದಿಂದ’ ಅಂಟಿಸಿದರೆ ಪಾಂಡವಪುರ, ನಾಗಮಂಗಲ ಸರಿಹೋಗುತ್ತವೆ. ‘ಮೈಸೂರುದಿಂದ’, ‘ಮಳವಳ್ಳಿದಿಂದ’ ಕಿವಿಗೆ ಚುಚ್ಚುತ್ತವೆ. ಕೊನೆಯ ಸ್ವರ ನೋಡಿಯೇ ಪ್ರತ್ಯಯ ಹಚ್ಚಬೇಕು. ಪ್ರತಿ ಅಕ್ಷರಕ್ಕೂ ಗುರುತಿಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಇದನ್ನು ಸುಲಭ ಮಾಡಿದೆ. ‘ಮೈಸೂರು’ ಕಣ್ಣಿಗೆ 3 ಅಕ್ಷರ, ಪೈಥಾನ್‌ನ ಉದ್ದ ಅಳೆಯುವ ಲೆನ್ ಎಣಿಸುವುದು 6: ಮ, ಐತ್ವ, ಸ, ಕೊಂಬಿನ ಇಳಿ, ರ, ಕೊಂಬು. ಕೊಂಬು ಬಿಡಿಯಾಗಿ ಕೊನೆಯಲ್ಲಿರುವುದರಿಂದ ಅದೊಂದನ್ನೇ ಕತ್ತರಿಸಬಹುದು.

ಪೈಥಾನ್ 3ರಲ್ಲಿ ವೇರಿಯಬಲ್, ಫಂಕ್ಷನ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಇಫ್, ಡೆಫ್ ಮುಂತಾದ ಪೈಥಾನ್ ಪದಗಳು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಬೇಕು. ‘ಊರಿಂದ’ ಎಂಬ ಫಂಕ್ಷನ್ ಬರೆದು, ಮೊದಲು ಸ್ಟ್ರಿಪ್‌ನಿಂದ ಆಚೀಚೆಯ ಖಾಲಿ ಜಾಗ ತೆಗೆಯಿರಿ. ‘ಮೈಸೂರು’ ಆದಮೇಲೆ ಒಂದು ಸ್ಪೇಸ್ ಉಳಿದರೂ ಕೊಂಬು ಕೊನೆಯಲ್ಲಿ ಸಿಗುವುದಿಲ್ಲ. ಆಮೇಲೆ ಎಂಡ್ಸ್‌ವಿತ್ (ಪದ ಯಾವುದರಲ್ಲಿ ಮುಗಿಯುತ್ತದೆ ಎಂದು ಹೇಳುವುದು) ಬಳಸಿ ನೋಡಿ. [:-1] ಎಂದರೆ ಕೊನೆಯದೊಂದನ್ನು ಬಿಟ್ಟು ಉಳಿದದ್ದು:

ಕೊಂಬಿದ್ದರೆ: ಊರು[:-1] + "ಿನಿಂದ"
ಗುಡಿಸು ಅಥವಾ ಎತ್ವ ಇದ್ದರೆ: ಊರು + "ಯಿಂದ"
ಉಳಿದದ್ದಕ್ಕೆ: ಊರು + "ದಿಂದ"

ಹೆಚ್ಚಿನವರು ಎಡವುವುದು ಇಲ್ಲಿ. ಕೀಬೋರ್ಡಿನಲ್ಲಿ ಕೊಂಬನ್ನು ಒಂಟಿಯಾಗಿ ಹೊಡೆಯಲು ಹೋದರೆ ‘ಉ’ ಬಂದುಬಿಡಬಹುದು. ಕೊಂಬಿನ ಸಂಖ್ಯೆ 3265, ‘ಉ’ ಸಂಖ್ಯೆ 3209, ಎರಡೂ ಬೇರೆ. ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪುತ್ತದೆ. ಸಂಖ್ಯೆಯನ್ನೇ, ಅದಕ್ಕೆ ತಕ್ಕ ಗುರುತು ಕೊಡುವ ಸಿ-ಎಚ್-ಆರ್ ಫಂಕ್ಷನ್‌ಗೆ ಕೊಡುವುದು ಕ್ಷೇಮ: ಕೊಂಬು 3265, ಗುಡಿಸು 3263, ಎತ್ವ 3270. ವಾಟ್ಸಾಪ್‌ನಿಂದ ಕೋಡ್ ನಕಲು ಮಾಡಿದರೆ ಬಾಗಿದ ಉದ್ಧರಣ ಚಿಹ್ನೆಗಳು ಸೇರಿರಬಹುದು. ಅವಕ್ಕೆ ಸಿಂಟ್ಯಾಕ್ಸ್ ಎರರ್ ಖಚಿತ.

ಫಂಕ್ಷನ್ ಒಳಗೆ ಪ್ರಿಂಟ್ ಬೇಡ, ರಿಟರ್ನ್ ಮಾಡಿ. ಪ್ರಿಂಟ್ ಮಾತ್ರ ಮಾಡಿದ ಫಂಕ್ಷನ್ ಹಿಂದಿರುಗಿಸುವುದು ನನ್ (ಏನೂ ಇಲ್ಲ), ಆಗ ಕೆಳಗಿನ ಪರೀಕ್ಷೆ ಯಾವತ್ತೂ ಪಾಸಾಗದು. ಇನ್‌ಪುಟ್ ಬೇರೆ ಫೈಲಿನಲ್ಲಿರಲಿ. ಇಲ್ಲದಿದ್ದರೆ ಪ್ರತಿ ಪರೀಕ್ಷೆಗೂ ಹೆಸರು ಹೊಡೆಯುತ್ತ ಕೂರಬೇಕು. ಪ್ರತಿ ಸಾಲಿನ ಆರಂಭದಲ್ಲಿ, ಎರಡು ಬದಿ ಒಂದೇ ಎಂದು ಪರೀಕ್ಷಿಸುವ ಅಸರ್ಟ್ ಸೇರಿಸಿ:

ಊರಿಂದ("ಮೈಸೂರು ") == "ಮೈಸೂರಿನಿಂದ"
ಊರಿಂದ("ನಂಜನಗೂಡು") == "ನಂಜನಗೂಡಿನಿಂದ"
ಊರಿಂದ("ಮಳವಳ್ಳಿ") == "ಮಳವಳ್ಳಿಯಿಂದ"
ಊರಿಂದ("ಕೃಷ್ಣರಾಜಪೇಟೆ") == "ಕೃಷ್ಣರಾಜಪೇಟೆಯಿಂದ"
ಊರಿಂದ("ಮಂಡ್ಯ") == "ಮಂಡ್ಯದಿಂದ"

ಏನೂ ಅಚ್ಚಾಗದಿದ್ದರೆ ಎಲ್ಲ ಸರಿ. ತಪ್ಪಿದ್ದರೆ ಅಸರ್ಷನ್ ಎರರ್ ಜೊತೆ ಸಾಲಿನ ಸಂಖ್ಯೆ ಬರುತ್ತದೆ. ಈಗ ‘ಬೀದರ್’ ಕೊಟ್ಟು ನೋಡಿ, ‘ಬೀದರ್ದಿಂದ’ ಬರುತ್ತದೆ. ಕೊನೆಯ ಅರ್ಧಾಕ್ಷರದ ಗುರುತಿನ ಸಂಖ್ಯೆ 3277. ಅದನ್ನೂ ಕೊಂಬಿನ ಸಾಲಿಗೇ ಸೇರಿಸಿದರೆ ‘ಬೀದರಿನಿಂದ’ ಸಿಗುತ್ತದೆ.